ಹಸಿ ಮೈಗೆ ಹೇಳಬಾರದ ಮಾತು

ನನ್ನ ನಾದಿನಿ ಅಣ್ಣಮ್ಮನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಸತ್ತವರ ವಿಚಾರ ಬರೆಯುವವರು ಕಣ್ಣೊರೆಸಿಕೊಂಡು ಶುರುಮಾಡುತ್ತಾರೆ. ನನಗೆ ಆ ನಾಟಕ ಬರುವುದಿಲ್ಲ. ಅವಳು ನನ್ನ ಗಂಡ ಸೋಮಯ್ಯನ ಅಕ್ಕ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು, ಮೈಸೂರಿಗೆ ಹೋಗಿ ನರ್ಸ್ ಕೆಲಸ ಕಲಿತು ಸರ್ಕಾರದ ಸಂಬಳ ತರುತ್ತಿದ್ದವಳು. ನಮ್ಮ ಮನೆಯ ಒಲೆ ಉರಿಯುತ್ತಿದ್ದದ್ದು ಆ ಸಂಬಳದಲ್ಲೇ. ಅದನ್ನು ಅವಳು ಒಂದು ದಿನವೂ ಬಾಯಿಬಿಟ್ಟು ಆಡಲಿಲ್ಲ, ಒಂದು ದಿನವೂ ನಾನು ಮರೆಯುವುದಕ್ಕೂ ಬಿಡಲಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ ಬೇರೆಯವರು ಬೈದು ಸುಮ್ಮನಾಗುತ್ತಾರೆ. ಇವಳು ತಟ್ಟೆಗೆ ನೀರು ಹುಯ್ದುಕೊಂಡು ಕಲಸಿ ಉಣ್ಣುತ್ತಿದ್ದಳು, ನನ್ನ ಮುಖವನ್ನೇ ನೋಡಿಕೊಂಡು.

ಆಗ ಮಂಡ್ಯ ಜಿಲ್ಲೆ ಇನ್ನೂ ಆಗಿರಲಿಲ್ಲ. ಈಗ ಪಾಂಡವಪುರ ಎನ್ನುವ ಊರಿನಲ್ಲಿ ನಾವಿದ್ದೆವು. ಆಗ ಅದು ಸರ್ಕಾರದ ಕಾಗದದಲ್ಲಿ ಫ್ರೆಂಚ್‌ರಾಕ್ಸ್, ಜನರ ಬಾಯಲ್ಲಿ ಹಿರೋಡೆ. ಆಸ್ಪತ್ರೆಯ ಡಾಕ್ಟರು ಸಿಡುಬು, ಪ್ಲೇಗು ಎಂದು ಹಳ್ಳಿ ತಿರುಗುವುದೇ ಹೆಚ್ಚು. ಹೆರಿಗೆ ಎಂದರೆ ಅಣ್ಣಮ್ಮನೇ. ಸುತ್ತಿನ ಹಳ್ಳಿಗಳಿಂದ ಗಾಡಿ ಕಟ್ಟಿಕೊಂಡು ಬಂದು ಕರೆಯುತ್ತಿದ್ದರು. ಕರೆದುಕೊಂಡು ಹೋಗುವಾಗ "ತಾಯಿ, ಅವ್ವ" ಎನ್ನುವವರು ಹೆರಿಗೆ ಆದ ಮೇಲೆ ಅವಳು ಕೂತ ಜಾಗಕ್ಕೆ ಗಂಜಲ ಚಿಮುಕಿಸುತ್ತಿದ್ದರು. ಗಂಡ ಸತ್ತವಳು, ಬಿಳಿ ಸೀರೆ, ಕಾಲಿಗೆ ಮೆಟ್ಟು, ಗಂಡಸರ ಮುಂದೆ ತಲೆ ಎತ್ತಿ ಮಾತು. ಅವಳನ್ನು ಇಷ್ಟಪಡಲು ಊರಿಗೆ ಒಂದು ಕಾರಣವೂ ಇರಲಿಲ್ಲ. ಅವಳೂ ಊರನ್ನು ಇಷ್ಟಪಡುವ ತಾಪತ್ರಯಕ್ಕೆ ಹೋದವಳಲ್ಲ.

ಅವಳಿಗೆ ಎರಡು ಹಟಗಳಿದ್ದವು. ಎರಡನ್ನೂ ಮೈಸೂರಿನಲ್ಲಿ ಕೆಲಸದ ಜೊತೆಗೇ ಕಲಿತು ಬಂದಿದ್ದಳು. ಒಂದು, ರೋಗಿಯನ್ನು ಕೇಳದೆ ರೋಗಿಯ ಮೈ ಮುಟ್ಟುವುದಿಲ್ಲ. ಇನ್ನೊಂದು, ರೋಗಿಯ ಮೈಯಲ್ಲಿ ಕಂಡದ್ದನ್ನು ಹೊರಗೆ ಆಡುವುದಿಲ್ಲ. ಎರಡನೆಯದರಿಂದ ನನಗಾಗುತ್ತಿದ್ದ ಕಷ್ಟ ಅಷ್ಟಿಷ್ಟಲ್ಲ. ಯಾರ ಮನೆಯಲ್ಲಿ ಏನಾಯಿತು ಎಂದು ಬಾವಿಯ ಹತ್ತಿರ ಹೆಂಗಸರು ನನ್ನನ್ನು ಕೇಳುತ್ತಿದ್ದರು. ನರ್ಸಿನ ಮನೆಯಲ್ಲೇ ಇದ್ದುಕೊಂಡು ನನಗೆ ಏನೂ ಗೊತ್ತಿಲ್ಲ ಎಂದರೆ ಯಾರು ನಂಬುತ್ತಾರೆ? ಜಂಬ ಮಾಡುತ್ತಾಳೆ ಎಂದು ನನ್ನ ಮೇಲೂ ಹಲ್ಲು ಮಸೆಯುತ್ತಿದ್ದರು.

ಮಾಯಮ್ಮನ ಹೆರಿಗೆಗೆ ಕರೆ ಬಂದ ದಿನ ಆಸ್ಪತ್ರೆಯ ಆಯಾ ಜ್ವರ ಎಂದು ಮಲಗಿದ್ದಳು. ಚೀಲ ಹೊರಲು ಅಣ್ಣಮ್ಮ ನನ್ನನ್ನು ಹೊರಡಿಸಿದಳು. ಬರುತ್ತೀಯಾ ಎಂದು ಕೇಳಲಿಲ್ಲ, ಹೊರಡು ಎಂದಳು. ಕೇಳುವ ಶಾಸ್ತ್ರವೆಲ್ಲ ರೋಗಿಗಳಿಗೆ ಮಾತ್ರ.

ತೊಣ್ಣೂರಿನ ಕೆರೆಯ ಕೆಳಗಿನ ಒಂದು ಕೊಪ್ಪಲು. ಮಾಯಮ್ಮನ ತಾಯಿ ತಿಮ್ಮಮ್ಮನದು ಗಂಡು ದಿಕ್ಕಿಲ್ಲದ ಮನೆ. ಇದ್ದೊಬ್ಬ ಮಗಳನ್ನು, ಇದ್ದ ಜಮೀನಿನ ಸಮೇತ, ಗೋವಿಂದನಹಳ್ಳಿ ಕಡೆಯ ಪಟೇಲ ನಂಜಪ್ಪನ ಮಗ ಚಿಕ್ಕಸ್ವಾಮಿಗೆ ಕೊಟ್ಟಿದ್ದಳು. ದೊಡ್ಡ ಕುಳ, ಗದ್ದೆ ತೋಟ ಎಲ್ಲ ಇದ್ದವರು. ಚೊಚ್ಚಲು ಹೆರಿಗೆ ತವರಿನಲ್ಲಿ ಆಗಬೇಕಲ್ಲ, ಹುಡುಗಿ ಬಂದಿದ್ದಳು. ನಾವು ಹೋಗುವ ಹೊತ್ತಿಗೆ ನೋವು ಶುರುವಾಗಿ ಎರಡು ದಿನ ಕಳೆದಿತ್ತು. ಕೂಗುವುದಕ್ಕೂ ಅವಳಲ್ಲಿ ತ್ರಾಣವಿರಲಿಲ್ಲ. ಅಣ್ಣಮ್ಮ ಕೈ ತೊಳೆದು ನೋಡಿದಳು. ಮಗು ಅಡ್ಡ ತಿರುಗಿತ್ತು. ಹೊರಗೆ ಬಂದು ಗಾಡಿ ಕಟ್ಟಿ, ಸ್ಟೇಷನ್ನಿಗೆ ಹೋಗಿ ಮೈಸೂರಿನ ರೈಲು ಹಿಡಿಯಬೇಕು ಎಂದಳು.

ಜಗಲಿಯ ಮೇಲೆ ನಂಜಪ್ಪ ಕೂತಿದ್ದ. ಸೊಸೆಗೆ ನೋವು ಬಂದಿದೆ ಎಂದು ಸುದ್ದಿ ಹೋಗಿ ಆಗ ತಾನೇ ಬಂದಿಳಿದಿದ್ದ.

"ಏನಮ್ಮಿ, ನನ್ನ ಸೊಸೇನ ಎಲ್ಲಿಗೆ ಸಾಗಿಸ್ತಾ ಇದೀಯೆ? ನಮ್ಮನೇ ಎಂಗಸ್ರು ಯಾರೂ ಆಸ್ಪತ್ರೆ ಮೆಟ್ಲತ್ತಿಲ್ಲ. ನನ್ನ ಮಗ ಪೇಟೆಗೋಗವ್ನೆ, ನಾಳೀಕೆ ಬತ್ತಾನೆ. ಅವ್ನು ಊಂ ಅನ್ನಗಂಟ ಗಾಡಿ ಅಲ್ಲಾಡಕೂಡ್ದು."

ಅಣ್ಣಮ್ಮ ತಿಮ್ಮಮ್ಮನ ಕಡೆ ತಿರುಗಿದಳು. ತಿಮ್ಮಮ್ಮ ಸೆರಗು ಬಾಯಿಗೆ ಒತ್ತಿಕೊಂಡು, "ನಾನೇನವ್ವಾ ಏಳ್ಲಿ? ಕೊಟ್ಟ ಎಣ್ಣು, ಅವ್ರ ಸೊತ್ತು" ಎಂದಳು. ಹೆತ್ತವಳು ಹೀಗೆ. ನಂಜಪ್ಪ, ನಿಮ್ಮ ಮನೆಯಲ್ಲಿದ್ದಾಗ ಹೀಗಾಯಿತು ಎಂದು ಅವಳ ಮೇಲೇ ಗೂಬೆ ಕೂರಿಸಲು ತಯಾರಾಗಿದ್ದ. ಒಳಗೆ ಸಾಯುತ್ತಿರುವವಳು ಯಾರಿಗೆ ಸೇರಿದವಳು ಎಂದು ಹೊರಗೆ ಬೀಗರಿಬ್ಬರೂ ಲೆಕ್ಕ ಹಾಕುತ್ತ ನಿಂತಿದ್ದರು. ನನಗೆ ರಕ್ತ ಕುದಿಯಿತು. ಆದರೆ ನಾನು ಚೀಲ ಹೊರಲು ಬಂದವಳು.

ಅಣ್ಣಮ್ಮ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿದಳು. ಹುಡುಗಿಯ ಕಿವಿಯ ಹತ್ತಿರ ಬಾಗಿ ಹೇಳಿದಳು: "ಮಾಯಮ್ಮ, ಇಲ್ಲೇ ಇದ್ರೆ ನೀನು ಉಳಿಯಲ್ಲ. ಮೈಸೂರಿಗೆ ಹೋದ್ರೂ ಉಳೀತೀಯ ಅಂತ ಮಾತು ಕೊಡಕ್ಕಾಗಲ್ಲ. ಹೊಟ್ಟೆ ಕುಯ್ಬೋದು. ಮಗು ಹೋಗ್ಬೋದು. ನೀನೇ ಹೇಳು, ಹೋಗಾನಾ?"

"ಕರ್ಕೊಂಡೋಗಿ ನರ್ಸಮ್ಮೋರೆ. ನನ್ನ ಇಲ್ಲಿ ಬುಡಬ್ಯಾಡಿ."

ಅಣ್ಣಮ್ಮ ಹೊರಗೆ ಬಂದು, "ಅವಳೇ ಹ್ಞೂಂ ಅಂದ್ಲು. ಗಾಡಿ ಕಟ್ಟಿ" ಎಂದಳು.

"ಅವಳ್ನ ಕೇಳ್ದ್ಯಾ?" ನಂಜಪ್ಪನಿಗೆ ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚಾಗಿತ್ತು. "ಅವಳ್ಯಾರು ಏಳಕ್ಕೆ?"

"ನೋವು ಅವಳಿಗೆ ಬಂದಿರೋದು ಪಟೇಲ್ರೆ, ನಿಮಗಲ್ಲ."

ಗಾಡಿ ಹೂಡಲು ಊರಿನ ಯಾವ ಗಂಡಸೂ ಮುಂದೆ ಬರಲಿಲ್ಲ. ಕೊನೆಗೆ ಹುಚ್ಚಣ್ಣ ಎಂಬ ಗಾಣಿಗ ತನ್ನ ಗಾಡಿ ಕೊಟ್ಟ, ಅದೂ ನಂಜಪ್ಪನೊಂದಿಗೆ ಅವನಿಗೆ ಹಳೆಯ ಜಗಳವಿತ್ತು ಎಂದು. ಮಾಯಮ್ಮ ಬದುಕಿದ್ದರಲ್ಲಿ ಆ ಜಗಳದ ಪಾಲೂ ಇದೆ. ತಾಯಿಯೂ ಅಳುತ್ತ ಹಿಂದೆ ಹತ್ತಿಕೊಂಡಳು.

ಮೈಸೂರಿನಲ್ಲಿ ನಡೆದದ್ದು ನನಗೆ ಆಗ ತಿಳಿಯಲಿಲ್ಲ. ನನ್ನನ್ನು ಸ್ಟೇಷನ್ನಿನಿಂದಲೇ ಮನೆಗೆ ಅಟ್ಟಿದ್ದಳು. ಎಷ್ಟೋ ವರ್ಷದ ಮೇಲೆ ತಿಳಿದದ್ದನ್ನು ನಿಮಗೆ ಈಗಲೇ ಹೇಳುತ್ತೇನೆ. ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ರೈಲು ಮೈಸೂರು ಮುಟ್ಟುವ ಹೊತ್ತಿಗೆ ಗರ್ಭಕೋಶ ಹರಿದಿತ್ತು, ಮಗು ಸತ್ತಿತ್ತು. ಅಲ್ಲಿನ ದೊಡ್ಡ ಡಾಕ್ಟರಮ್ಮ ಹೊಟ್ಟೆ ಕುಯ್ದು, ಹರಿದದ್ದನ್ನು ಹೊಲಿದು, ಮತ್ತೊಮ್ಮೆ ಬಸಿರಾದರೆ ಜೀವ ಹೋಗುವುದು ಖಂಡಿತ ಎಂದು ನಾಳ ಕಟ್ಟಿಬಿಟ್ಟರು. ಇನ್ನು ಆ ಹುಡುಗಿಗೆ ಮಕ್ಕಳಿಲ್ಲ. ಡಾಕ್ಟರಮ್ಮ ಅಣ್ಣಮ್ಮನನ್ನು ಕರೆದು, "ಅವಳು ಸುಧಾರಿಸಿಕೊಂಡ ಮೇಲೆ ನೀನೇ ಕೂತು ಹೇಳು. ನಿನ್ನ ಮಾತು ಅವಳಿಗೆ ಅರ್ಥವಾಗುತ್ತೆ" ಎಂದರಂತೆ.

ಹೇಳಬೇಕು ಎಂದೇ ಅಣ್ಣಮ್ಮ ಹೊರಟಳಂತೆ. ತಿಮ್ಮಮ್ಮ ವಾರ್ಡಿನ ಬಾಗಿಲಲ್ಲಿ ಅಡ್ಡ ಬಿದ್ದಳು. "ಬ್ಯಾಡ ಕಣವ್ವಾ, ಅಸಿ ಮೈ. ಅಸಿ ಮೈಗೆ ಕೆಟ್ಟ ಮಾತು ತಗುಲಿದ್ರೆ ಸನ್ನಿ ಆಯ್ತದೆ. ಮಗ ಓದದ್ದು ಏಳಿದ್ದಕ್ಕೇ ನೀರು ಕುಡೀತಿಲ್ಲ. ಬಾಣಂತನ ಮುಗೀಲಿ, ನಾನೇ ಏಳ್ತೀನಿ. ಎತ್ತವಳು ನಾನು."

ಸನ್ನಿ ಮಾತಿನಿಂದ ಬರುವುದಿಲ್ಲ ಎಂದು ಅಣ್ಣಮ್ಮನಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೆ ಅಣ್ಣಮ್ಮನೂ ನಮ್ಮ ಕಡೆಯ ಹೆಣ್ಣೇ. ಬಾಣಂತಿಯ ಕೋಣೆಗೆ ಸಾವಿನ ಸುದ್ದಿ, ಜಗಳದ ಮಾತು ಹೋಗಬಾರದು ಎಂದು ಹುಟ್ಟಿದಂದಿನಿಂದ ಕೇಳಿಕೊಂಡು ಬೆಳೆದವಳು. ಪಟೇಲನಿಗೆ ಬಗ್ಗದವಳು ಅಳುವ ಮುದುಕಿಗೆ ಬಗ್ಗಿದಳು. ತಾಯಿಯೇ ಹೇಳುತ್ತಾಳಲ್ಲ ಎಂದು ಊರಿಗೆ ಬಂದಳು.

ಊರಿನಲ್ಲಿ ನಮಗೆ ಕಾದಿದ್ದದ್ದು ಬೇರೆ. ಗಂಡಸರ ಮಾತು ಮೀರಿ ಹೆಣ್ಣನ್ನು ಸಾಗಿಸಿದಳು, ಹೊಟ್ಟೆ ಬಗೆಸಿ ಮಗು ಕೊಲ್ಲಿಸಿದಳು ಎಂದು ನಂಜಪ್ಪ ಎಲ್ಲ ಕಡೆ ಹಬ್ಬಿಸಿದ್ದ. ಹಾಲು ಹಾಕುವ ಕುಳ್ಳಮ್ಮ ಬರುವುದನ್ನು ನಿಲ್ಲಿಸಿದಳು. ಬಾವಿಗೆ ಹೋದರೆ ನನ್ನ ಕೊಡ ಕಂಡು ಹಗ್ಗ ಎಳೆದುಕೊಳ್ಳುತ್ತಿದ್ದರು. ಬೆಳಿಗ್ಗೆ ಎದ್ದರೆ ಹೊಸಲಿನ ಮೇಲೆ ಸಗಣಿ. ನನ್ನ ಗಂಡ ಇಟ್ಟುಕೊಂಡಿದ್ದ ಸಣ್ಣ ಅಂಗಡಿಗೆ ಒಂದು ಕಡ್ಡಿಪೆಟ್ಟಿಗೆಗೂ ಜನ ಬರಲಿಲ್ಲ. ಅಣ್ಣಮ್ಮ ಮಾತ್ರ ಹೊಸಲಿನ ಸಗಣಿ ದಾಟಿಕೊಂಡು ಮೆಟ್ಟು ಮೆಟ್ಟಿ ಆಸ್ಪತ್ರೆಗೆ ಹೋಗುತ್ತಿದ್ದಳು. ಅದನ್ನು ಬಳಿದು ತೊಳೆಯುತ್ತಿದ್ದವಳು ನಾನು. ನಾನು ಊರಿಗೂ ಶಾಪ ಹಾಕಿದೆ, ಅವಳಿಗೂ ಹಾಕಿದೆ. ಯಾರಿಗೆ ಹೆಚ್ಚು ಎಂದು ಹೇಳಲಾರೆ.

ನಂಜಪ್ಪ ಕೊಟ್ಟ ಅರ್ಜಿಯ ಮೇಲೆ ಅಮಲ್ದಾರರು ವಿಚಾರಣೆಗೆ ಬಂದರು. ಚಾವಡಿಯಲ್ಲಿ ಜಮಖಾನ ಹಾಸಿದ್ದರು. ಎರಡು ಊರಿನ ಗಂಡಸರೂ ಎಲೆಯಡಿಕೆ ಹಾಕಿಕೊಂಡು ತಮಾಷೆ ನೋಡಲು ಕೂತಿದ್ದರು. ನಾನು ಹೆಂಗಸರ ಜೊತೆ ಕಂಬದ ಹಿಂದೆ ನಿಂತಿದ್ದೆ. ಮಾಯಮ್ಮ ಬಾಣಂತಿ, ಬಂದಿರಲಿಲ್ಲ. ಅವಳನ್ನು ಕರೆಸಬೇಕು ಎಂದು ಯಾರಿಗೂ ತೋಚಿರಲೂ ಇಲ್ಲ.

"ಗಂಡನ ಒಪ್ಪಿಗೆ ಇತ್ತೇನಮ್ಮ?" ಅಮಲ್ದಾರರು ಕೇಳಿದರು.

"ಅವನು ಊರಲ್ಲಿರಲಿಲ್ಲ ಸ್ವಾಮಿ."

"ಮಾವನ ಒಪ್ಪಿಗೆ?"

"ಬೇಡ ಅಂದ್ರು."

"ಮತ್ತೆ ಯಾರ ಒಪ್ಪಿಗೆಯ ಮೇಲೆ ಕರೆದುಕೊಂಡು ಹೋದೆ?"

"ಹುಡುಗಿ ಒಪ್ಪಿದ್ಲು. ವಯಸ್ಸಿಗೆ ಬಂದವಳು, ಬುದ್ಧಿ ಸ್ವಾಧೀನದಲ್ಲಿತ್ತು. ಅದು ಸಾಕು."

ಚಾವಡಿಯಲ್ಲಿ ನಗು ಎದ್ದಿತು. ನಂಜಪ್ಪ ಮಾತ್ರ ನಗಲಿಲ್ಲ. ಎದ್ದು ನಿಂತು ಕೈಮುಗಿದ. "ಸ್ವಾಮಿ, ಅದೆಲ್ಲ ಬುಡಿ. ಆಗದ್ದು ಆಗೋಯ್ತು. ನಂಗೊಂದು ಮಾತು ಬೇಕು. ನನ್ನ ಸೊಸೆ ಒಟ್ಟೇಲಿ ಮುಂದ್ಕೆ ಮಗ ನಿಂತದಾ ಇಲ್ವಾ? ಇವ್ಳು ಜೊತೇಲಿದ್ಲು, ಇವ್ಳಿಗೆ ಗೊತ್ತೈತೆ. ನಿಂತದೆ ಅನ್ಲಿ, ಅರ್ಜಿ ವಾಪ್ಸು ತಕ್ಕೊಂಡು ಸೊಸೇನ ಮೆರವಣಿಗೇಲಿ ಕರ್ಕೊಂಡೋಯ್ತೀನಿ. ಇಲ್ಲ ಅಂದ್ರೆ ಅವ್ಳು ಅವ್ರವ್ವನ ಮನೇಲೇ ಬಿದ್ದಿರ್ಲಿ, ನನ್ನ ಮಗಂಗೆ ಬೇರೆ ಎಣ್ಣು ತತ್ತೀನಿ."

ಒಂದು ಸುಳ್ಳು ಹೇಳಿದ್ದರೆ ಅಣ್ಣಮ್ಮ ಅಲ್ಲೇ ಪಾರಾಗುತ್ತಿದ್ದಳು. ನಿಜ ಹೇಳಿದ್ದರೂ ಪಾರಾಗುತ್ತಿದ್ದಳು, ಅಷ್ಟು ಗಂಡಾಂತರವಿತ್ತೇ ಎಂದು ಅಮಲ್ದಾರರೇ ಒಪ್ಪಿಕೊಳ್ಳುತ್ತಿದ್ದರು. ಆದರೆ ಮಾಯಮ್ಮನ ಬಾಳು ಅಲ್ಲೇ ಆ ಚಾವಡಿಯಲ್ಲೇ ಮುಗಿಯುತ್ತಿತ್ತು.

"ರೋಗಿಯ ಮೈಯಿನ ವಿಚಾರ ಚಾವಡೀಲಿ ಹೇಳೋದಲ್ಲ" ಎಂದಳು ಅಣ್ಣಮ್ಮ. "ಬೇಕಾದ್ರೆ ನಿಮ್ಮ ಸೊಸೇನೇ ಕೇಳಿ."

"ನಾನು ಕೇಳ್ತಾ ಇದೀನಿ, ಹೇಳು" ಎಂದು ಅಮಲ್ದಾರರು ದನಿ ಏರಿಸಿದರು.

"ಕೋರ್ಟಿಗೆ ಕರೆಸಿ, ಪ್ರಮಾಣ ಮಾಡಿಸಿ ಕೇಳಿ ಸ್ವಾಮಿ, ಅಲ್ಲಿ ಹೇಳ್ತೀನಿ. ಇಲ್ಲಿ ಉಗುಳಿಕೊಂಡು ಕೂತಿರೋರ ಮುಂದೆ ಹೇಳಲ್ಲ."

ಮುಗಿಯಿತಲ್ಲ. ಕೋರ್ಟಿಗೆ ಯಾರೂ ಕರೆಸಲಿಲ್ಲ. ಅಧಿಕಾರಿಗಳ ಎದುರು ಬಾಯಿ ಜೋರು ಎಂದು ಬರೆದು, ಬಡ್ತಿ ತಡೆದು, ನಾಗಮಂಗಲಕ್ಕೆ ವರ್ಗ ಮಾಡಿದರು. ನಂಜಪ್ಪನಿಗೆ ಇಲ್ಲ ಎಂಬ ಮಾತೂ ಸಿಗಲಿಲ್ಲ, ಉಂಟು ಎಂಬುದೂ ಸಿಗಲಿಲ್ಲ. ಸೊಸೆಯ ಕೂಡೆ ಬಂದ ಜಮೀನು ಬಿಟ್ಟುಕೊಡಲು ಮನಸ್ಸಾಗದೆ ಬಾಣಂತನ ಮುಗಿದ ಮೇಲೆ ಕರೆದುಕೊಂಡು ಹೋದ.

ಆ ಸುದ್ದಿ ಬಂದಾಗ ನಾವು ನಾಗಮಂಗಲಕ್ಕೆ ಸಾಮಾನು ಕಟ್ಟುತ್ತಿದ್ದೆವು. ಆವತ್ತು ಅಣ್ಣಮ್ಮ ನಡೆಯುವ ರೀತಿಯಲ್ಲೇ ಒಂದು ಠೀವಿ ಬಂತು. ಒಂದು ಹೆಣ್ಣಿನ ಸಂಸಾರ ಉಳಿಸಿದೆ, ಅದಕ್ಕೆ ತಲೆ ಕೊಟ್ಟೆ ಎಂಬ ಠೀವಿ. ಹಿರೋಡೆಯಲ್ಲಿ ಅಂಗಡಿ ಮುಚ್ಚಿದ ನನ್ನ ಗಂಡ ನಾಗಮಂಗಲದಲ್ಲಿ ಮತ್ತೆ ಅಂಗಡಿ ಇಡಲೇ ಇಲ್ಲ, ಜಗಲಿಯ ಮೇಲೆ ಕೂತು ಬೀಡಿ ಸೇದಿದ. ನಮ್ಮ ಸಂಸಾರ ಉಳಿಸುವ ಯೋಚನೆ ಅವಳಿಗೆ ಬರಲಿಲ್ಲವಲ್ಲ ಎಂದು ನಾನು ಹೊಟ್ಟೆ ಉರಿದುಕೊಂಡೆ. ನಿಜ ಹೇಳಬೇಕೆಂದರೆ, ಒಳಗೊಳಗೇ ಹೆಮ್ಮೆಯೂ ಇತ್ತು. ಅವಳ ಮುಂದೆ ಅದನ್ನು ತೋರಿಸುವಷ್ಟು ದಡ್ಡಿ ನಾನಲ್ಲ.

ವರ್ಷಗಳು ಹೋದವು. ಒಂದು ಅಮಾವಾಸ್ಯೆಗೆ ನನ್ನ ಹರಕೆ ತೀರಿಸಲು ಶ್ರೀರಂಗಪಟ್ಟಣಕ್ಕೆ ಬಂದು, ಗಂಜಾಂನ ನಿಮಿಷಾಂಬ ಗುಡಿಗೆ ಹೋದೆವು. ಅಣ್ಣಮ್ಮನಿಗೆ ದೇವರ ಮೇಲೆ ಅಂಥ ಭಕ್ತಿಯೇನಿರಲಿಲ್ಲ. ಹೊಳೆಯಲ್ಲಿ ಕಾಲು ಇಳಿಬಿಟ್ಟುಕೊಂಡು ಸೋಪಾನದ ಮೇಲೆ ಕೂತಿದ್ದಳು. ನಾನು ಮಂಗಳಾರತಿ ಮುಗಿಸಿ ಬಂದಾಗ ಒದ್ದೆ ಸೀರೆಯ ಒಬ್ಬ ಹೆಂಗಸು ಅವಳ ಕಾಲು ಹಿಡಿದುಕೊಂಡು ಕೂತಿದ್ದಳು. ಕೆನ್ನೆ ಗುಳಿಬಿದ್ದು, ತಲೆಗೂದಲು ಉದುರಿ, ನನಗಿಂತ ಹಿರಿಯಳಂತೆ ಕಂಡಳು. ಮಾಯಮ್ಮ ಎಂದು ಗುರುತು ಸಿಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

"ನಿಮ್ಮಿಂದ ಬದುಕಿವ್ನಿ ಅಕ್ಕಾರೆ" ಎನ್ನುತ್ತಿದ್ದಳು. "ಈ ಸಲ ತಾಯಿ ಕಣ್ಬುಡ್ತಾಳೆ. ಒದ್ದೆ ಬಟ್ಟೇಲಿ ಸುತ್ತು ಬತ್ತಾ ಇವ್ನಿ. ಗೋವಿಂದನಳ್ಳಿ ಐದು ಲಿಂಗಕ್ಕೂ ದೀಪ ಅಚ್ಚಿದ್ದಾಯ್ತು, ತೊಣ್ಣೂರಲ್ಲಿ ಉಪಾಸ ಬಿದ್ದಿದ್ದಾಯ್ತು. ಅತ್ತೆ ಯಾವ್ಯಾವ್ದೋ ಬೇರು ತೇದು ಕುಡುಸ್ತಾರೆ, ಕುಡುದ್ರೆ ರಕ್ತ ವಾಂತಿ ಆಯ್ತದೆ. ಓದ ವರ್ಸ ಒಟ್ಟೆ ಮೇಲೆ ಬರೆ ಆಕ್ಸಿದ್ರು. ಅದ್ನೂ ತಡ್ಕೊಂಡೆ. ಈ ಸುಗ್ಗಿ ಕಳೀಲಿ, ಆಮೇಕೆ ಮಗಂಗೆ ಬೇರೆ ಎಣ್ಣು ತತ್ತೀನಿ ಅಂದವ್ರೆ ಮಾವ. ಅಷ್ಟ್ರೊಳ್ಗೆ ಒಂದು ನಿಂತ್ರೆ ಸಾಕು."

ಅಣ್ಣಮ್ಮನ ಮುಖ ನೋಡಿದೆ. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ಆ ಮುಖದಲ್ಲಿ ಭಯ ಕಂಡದ್ದು ಆವತ್ತೇ ಮೊದಲು.

"ನಿಮ್ಮವ್ವ ನಿನಗೆ ಏನೂ ಹೇಳಲಿಲ್ವಾ ಮಾಯಮ್ಮ?"

"ಅವ್ವ ಓದ ವರ್ಸ ತೀರ್ಕೊಂಡ್ಲು. ಏನೇಳ್ಬೇಕಿತ್ತು?"

ಹೇಳಿದಳು. ಅಡ್ಡಮಾತು ಹಾಕದೆ, ಮೆತ್ತಗೆ ಮಾಡಲು ಹೋಗದೆ ಹೇಳಿದಳು. ಗರ್ಭಕೋಶ ಹರಿದದ್ದು, ನಾಳ ಕಟ್ಟಿದ್ದು, ತಿಮ್ಮಮ್ಮ ವಾರ್ಡಿನ ಬಾಗಿಲಲ್ಲಿ ಅಡ್ಡ ಬಿದ್ದದ್ದು. ನನಗೂ ಎಲ್ಲ ತಿಳಿದದ್ದು ಆಗಲೇ. ಮಕ್ಕಳಾಗುವುದಿಲ್ಲ ಎಂಬ ಮಾತು ಬಂದಾಗ ಮಾಯಮ್ಮ ಹಿಡಿದಿದ್ದ ಕಾಲು ಬಿಟ್ಟಳು.

ಆಮೇಲೆ, "ಯಾರ್ಯಾರಿಗೆ ಗೊತ್ತಿತ್ತು?" ಎಂದು ಕೇಳಿದಳು.

"ಡಾಕ್ಟರಮ್ಮಂಗೆ. ನಂಗೆ. ನಿಮ್ಮವ್ವಂಗೆ. ಇನ್ಯಾರಿಗೂ ಹೇಳಿಲ್ಲ ಮಾಯಮ್ಮ, ಚಾವಡೀಲಿ ಅಷ್ಟು ಕೇಳಿದ್ರೂ ಬಾಯಿ ಬಿಡಲಿಲ್ಲ."

ಇದನ್ನು ಅಣ್ಣಮ್ಮ ಹೇಳಬಾರದಿತ್ತು. ತನ್ನ ದೊಡ್ಡಸ್ತಿಕೆಗೆ ಆ ಹೊತ್ತಿನಲ್ಲೂ ಸಾಕ್ಷಿ ಹುಡುಕುತ್ತಿದ್ದಾಳೆ ಎಂದು ನನಗೆ ಅನಿಸಿತು. ಈಗ ಯೋಚಿಸಿದರೆ, ಅವಳ ಕೈಯಲ್ಲಿ ಬೇರೆ ಏನೂ ಉಳಿದಿರಲಿಲ್ಲ.

ಮಾಯಮ್ಮ ಎದ್ದು ನಿಂತಳು. ಕೂಗಾಡಲಿಲ್ಲ. ಕೂಗಾಡಿದ್ದರೆ ನಮಗೆ ಸುಲಭವಾಗುತ್ತಿತ್ತು.

"ನಿಮ್ಮ ಸೊಸೇನೇ ಕೇಳಿ ಅಂದ್ರಂತಲ್ಲ ಅಕ್ಕಾರೆ. ಮಾವ ಕೇಳುದ್ರು. ಮನೆಗೋದ ದಿನ್ವೇ, ಒಸ್ಲಲ್ಲಿ ನಿಲ್ಸಿ ಕೇಳುದ್ರು. ಆಯ್ತದೆ ಅಂದೆ. ಆವತ್ಲಿಂದ ಎಲ್ರಿಗೂ ಆಯ್ತದೆ, ಆಯ್ತದೆ ಅಂತ್ಲೇ ಏಳ್ಕೊಂಡು ಬಂದಿವ್ನಿ. ಬರೆ ಆಕುವಾಗ್ಲೂ ಅದೇ ಅಂದೆ. ನಂದೇ ಮೈ, ನಾನೇ ಸುಳ್ಳು ಏಳಂಗೆ ಮಾಡುದ್ರಲ್ಲ ನೀವು."

ಅಣ್ಣಮ್ಮ ಎದ್ದು ಕೈ ಹಿಡಿಯಲು ಹೋದಳು. ಮಾಯಮ್ಮ ಹಿಂದೆ ಸರಿದಳು. ಚಾವಡಿಯಲ್ಲಿ ಯಾರಿಗೂ ತಗ್ಗದ ಅಣ್ಣಮ್ಮನ ದನಿ ಆಗ ಬೇಡಿಕೊಳ್ಳುವವಳ ದನಿಯಾಗಿತ್ತು. "ನಾನೇ ನಿಮ್ಮ ಮನೆಗೆ ಬಂದು ನಿಮ್ಮ ಮಾವಂಗೆ ಹೇಳ್ತೀನಿ. ತಪ್ಪು ನಂದು, ಇವಳಿಗೆ ಗೊತ್ತಿರಲಿಲ್ಲ ಅಂತ ಹೇಳ್ತೀನಿ. ಈಗಲೇ ಹೊರಡ್ತೀನಿ."

"ನೀವು ಬರಬ್ಯಾಡಿ" ಎಂದಳು ಮಾಯಮ್ಮ. "ನಾನೇ ಏಳ್ತೀನಿ."

ಗುಡಿಯ ಕಡೆ ತಿರುಗಿಯೂ ನೋಡದೆ, ಅರ್ಧಕ್ಕೆ ನಿಂತ ಸುತ್ತು ಮುಗಿಸದೆ, ಒದ್ದೆ ಸೀರೆಯಲ್ಲೇ ಗಾಡಿಗಳು ನಿಂತಿದ್ದ ಕಡೆಗೆ ನಡೆದುಹೋದಳು.